ಮನೆಯ ಮಾತು: ಸಂಘದ ವರ್ಗಣಿ, ದವಾಖಾನೆಯ ದಾರಿ



ಕಳೆದ ತಿಂಗಳ ಈ ಪುಟದಲ್ಲಿ ಬಾಣಂತಿಯ ಪಥ್ಯವನ್ನು ಕುರಿತು ಬರೆದುದನ್ನು ಓದಿ ಹಲವರು ಕಾಗದ ಬರೆದಿರುವರು. ಅವುಗಳಲ್ಲಿ ಮುಂಡರಗಿಯ ಕಡೆಯ ಒಬ್ಬ ತಾಯಿಯ ಕಾಗದದಲ್ಲಿ ಪಥ್ಯದ ಮಾತು ಎರಡೇ ಸಾಲು. ಉಳಿದುದೆಲ್ಲವೂ ಬೇರೊಂದು ಪ್ರಶ್ನೆ. ಏನು ತಿನ್ನಬೇಕೆಂಬದನ್ನು ಬರೆದಿರಿ, ಒಳಿತಾಯಿತು. ಬೇನೆ ಬಂದಾಗ ದುಡ್ಡು ಎಲ್ಲಿಂದ ತರಬೇಕೆಂಬದನ್ನೂ ಒಮ್ಮೆ ಬರೆಯಿರಿ ಎಂದು ಆಕೆ ಕೇಳಿರುವರು. ಕಾಗದವನ್ನು ಮಡಿಚಿ ಇಟ್ಟೆನಾದರೂ ಪ್ರಶ್ನೆಯು ಮಡಿಚಿಕೊಳ್ಳಲಿಲ್ಲ. ಅಡಿಗೆಮನೆಯ ಪುಟದಲ್ಲಿ ದುಡ್ಡಿನ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಮೊದಲು ಬರಿದಾಗುವದು ಗೃಹಿಣಿಯ ಸಾಸಿವೆಯ ಡಬ್ಬಿಯೇ. ಅದರ ತಳದಲ್ಲಿ ನಾಲ್ಕು ನೋಟುಗಳಿರುವವೆಂಬದು ಮನೆಯ ಗಂಡಸರಿಗೆ ತಿಳಿಯುವದೂ ಆ ದಿವಸವೇ.

ಈ ಪ್ರಶ್ನೆಗೆ ಉತ್ತರವನ್ನು ನನ್ನ ಸೋದರತ್ತೆಯ ಮನೆಯಿಂದಲೇ ಕೊಡುವದು ಲೇಸೆಂದು ತೋರುತ್ತದೆ. ಅತ್ತೆಯ ಊರು ಶಿರಹಟ್ಟಿ ತಾಲೂಕಿನ ಒಂದು ಹಳ್ಳಿ. ಆರೇಳು ಎಕರೆ ಮಸಾರಿ ಹೊಲ. ಮಳೆ ಹಿಡಿದರೆ ಶೇಂಗಾ, ಹಿಡಿಯದಿದ್ದರೆ ಸಾಲ. ಗದಗಿಗೆ ಹೋಗಬೇಕಾದರೆ ಮೊದಲು ಶಿರಹಟ್ಟಿಗೆ ಬಂದು, ಅಲ್ಲಿಂದ ಬಸ್ಸು ಹತ್ತಬೇಕು. ಗದಗಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಉಗಿಬಂಡಿ ಬಂದಿತಾದರೂ ಅದು ಶಿರಹಟ್ಟಿಯ ಕಡೆಗಾಗಲಿ ಮುಂಡರಗಿಯ ಕಡೆಗಾಗಲಿ ಹೊರಳಿ ನೋಡಲಿಲ್ಲ.

ಇಂದು ಒಂದೇ ಜಿಲ್ಲೆಯ ಹೆಸರಿನಲ್ಲಿ ಕೂಡಿರುವ ಈ ಊರುಗಳು 1948ರ ಮೊದಲು ಒಂದೇ ಆಡಳಿತದಲ್ಲಿ ಇರಲಿಲ್ಲವೆಂಬದನ್ನು ಎಳೆಯರು ಅರಿಯರು. ಗದಗ-ಬೆಟಗೇರಿಗಳೂ ಮುಂಡರಗಿಯೂ ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿತ್ತು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿತ್ತು. ಕಾಗದಪತ್ರಗಳಿಗೆ ಮೂರು ದಾರಿ. ಆದರೆ ಜ್ವರಕ್ಕೂ ಹೆರಿಗೆಯ ಬೇನೆಗೂ ಸಂಸ್ಥಾನದ ಗಡಿ ಯಾವುದು? ರುಗ್ಣರನ್ನು ಹೊತ್ತ ಚಕ್ಕಡಿಗಳು ಗದಗ-ಬೆಟಗೇರಿಯ ದಾರಿಯನ್ನೇ ಹಿಡಿಯುತ್ತಿದ್ದವು. ನೇಕಾರರ ಊರಾದ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ನೆಲೆ ಮಾಡಿದರು. ಮುಂದೆ ಅವರು ಅಲ್ಲಿ ದವಾಖಾನೆಯೊಂದನ್ನು ತೆರೆದರು. ಆ ದವಾಖಾನೆಯನ್ನು ಹಿರಿಯರು ಜರ್ಮನ್ ದವಾಖಾನೆಯೆಂದೇ ಕರೆಯುತ್ತ ಬಂದರು. ನಮ್ಮ ಮುತ್ತಜ್ಜಿಯು ಅಲ್ಲಿಗೆ ಹೋಗಿ ಬಂದ ಕಥೆಯನ್ನು ಮನೆಯಲ್ಲಿ ಕಾಶಿಯಾತ್ರೆಯ ಕಥೆಯಂತೆ ಹೇಳುತ್ತಿದ್ದರು. ಗದಗಿನ ಇನ್ನೊಂದು ಮಗ್ಗುಲಲ್ಲಿ ನಾಡಮದ್ದಿನ ಪರಂಪರೆಯೂ ಬತ್ತಲಿಲ್ಲ, ಡಿ. ಜಿ. ಮೇಲ್ಮಾಳಗಿ ಆಯುರ್ವೇದ ಮಹಾವಿದ್ಯಾಲಯವು ಅದಕ್ಕೆ ಸಾಕ್ಷಿಯಾಗಿದೆ. ಮುಂಡರಗಿ ಶಿರಹಟ್ಟಿಗಳ ನಡುವೆ ಬೆನ್ನು ಚಾಚಿ ಮಲಗಿರುವ ಕಪ್ಪತಗುಡ್ಡದ ಗಿಡಮೂಲಿಕೆಗಳ ಮಾತನ್ನು ಆಡಹೊರಟರೆ ಈ ಪುಟ ಸಾಲದು. ಆ ಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತೆಂಬದನ್ನಷ್ಟೇ ಹೇಳಿ ಮುಂದೆ ಸಾಗುವೆನು. ಜಿಲ್ಲೆಯು ಬೇರೆಯಾದದ್ದು 1997ರಲ್ಲಿ. ಸರಕಾರದ ವೈದ್ಯಕೀಯ ವಿದ್ಯಾಲಯವು ಗದಗಿನ ಮಗ್ಗುಲ ಮಲ್ಲಸಮುದ್ರದಲ್ಲಿ 2015ರಲ್ಲಿ ಪಾಠ ಆರಂಭಿಸಿತು.

ಹೀಗೆ ವೈದ್ಯರು ಬಂದರು, ಕಟ್ಟಡಗಳು ಬಂದವು. ಆದರೂ ಮುಂಡರಗಿಯ ತಾಯಿಯ ಪ್ರಶ್ನೆ ಹಾಗೆಯೇ ಉಳಿಯಿತಷ್ಟೆ. ದವಾಖಾನೆಯು ಊರಿಗೆ ಸಮೀಪವಾದಷ್ಟಕ್ಕೆ ಅದು ಬಡವರ ಕೈಗೆ ಸಮೀಪವಾಗುವದಿಲ್ಲ.

ಇದಕ್ಕೆ ಒಂದು ಉಪಾಯವು ನಮ್ಮ ನೆಲದಲ್ಲಿಯೇ ಹುಟ್ಟಿದ ವಿಚಾರದಿಂದ ದೊರೆಯಿತೆಂಬದು ನನಗೆ ಬಹಳ ಹೆಮ್ಮೆಯ ಸಂಗತಿ. ಗದಗ ತಾಲೂಕಿನ ಕಣಗಿನಹಾಳವೆಂಬ ಸಣ್ಣ ಹಳ್ಳಿಯಲ್ಲಿ 1905ರಲ್ಲಿ, ಹಿಂದಿನ ವರುಷ ಬಂದ ಸಹಕಾರ ಕಾಯದೆಯ ಮೇರೆಗೆ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಏಷ್ಯಾ ಖಂಡದಲ್ಲಿಯೇ ಇದು ಮೊದಲನೆಯದೆಂದು ಹೇಳುವದುಂಟು. ಮೊದಲನೆಯದೋ ಎರಡನೆಯದೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಸಾಹುಕಾರನ ಬಾಗಿಲಿಗೆ ಒಬ್ಬೊಬ್ಬನೇ ಹೋಗಿ ನಿಲ್ಲುವ ಬದಲು ಊರವರೆಲ್ಲ ಕೂಡಿ ತಮ್ಮ ತಮ್ಮಲ್ಲಿಯೇ ಕೊಟ್ಟು ತೆಗೆದುಕೊಳ್ಳಬಹುದೆಂಬ ವಿಚಾರವು ಅಲ್ಲಿ ಬೇರುಬಿಟ್ಟು ನಾಡೆಲ್ಲ ಹಬ್ಬಿತು. ಬೀಜಕ್ಕೂ ಗೊಬ್ಬರಕ್ಕೂ ಎತ್ತಿಗೂ ಸಂಘದ ಸಾಲವುಂಟು. ಎತ್ತನ್ನು ಹೂಡುವ ಮನುಷ್ಯನ ಬೇನೆಗೆ ಮಾತ್ರ ಅಲ್ಲಿ ಏನೂ ಇರಲಿಲ್ಲ. ಆ ಕೊರತೆಯನ್ನು ತುಂಬಲು ಸುಮಾರು ನೂರು ವರುಷಗಳೇ ಹಿಡಿದವು.

2003ನೆಯ ಇಸವಿಯ ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ಯಶಸ್ವಿನಿ ಎಂಬ ಯೋಜನೆಯು ನಡೆಯಲು ತೊಡಗಿತು. ಹೃದಯದ ಶಸ್ತ್ರವೈದ್ಯರಾದ ಡಾಕ್ಟರ್ ದೇವಿ ಶೆಟ್ಟಿಯವರ ವಿಚಾರವೂ ಸಹಕಾರ ಇಲಾಖೆಯ ಬಲವೂ ಕೂಡಿ ಹುಟ್ಟಿದ ಈ ಯೋಜನೆಯನ್ನು ಲಾಭದ ಹಂಗಿಲ್ಲದ ವಿಶ್ವಸ್ಥ ಮಂಡಳಿಯೊಂದು ನಡೆಸಿತು. ಸಹಕಾರ ಸಂಘದ ಸದಸ್ಯನು ತಿಂಗಳಿಗೆ ಐದು ರೂಪಾಯಿಯಂತೆ ವರುಷಕ್ಕೆ 60 ರೂಪಾಯಿ ವರ್ಗಣಿ ಕೊಡಬೇಕು. ಶಸ್ತ್ರಕ್ರಿಯೆಯ ಪ್ರಸಂಗ ಬಂದರೆ ಪಟ್ಟಿಯಲ್ಲಿರುವ ದವಾಖಾನೆಗೆ ಹೋಗಿ ಗುರುತಿನ ಚೀಟಿಯನ್ನು ತೋರಿಸಬೇಕು. ಖರ್ಚನ್ನು ಮಂಡಳಿಯು ದವಾಖಾನೆಗೆ ನೇರವಾಗಿ ಕೊಡುವದು. ಮೊದಲನೆಯ ವರುಷವೇ ಸುಮಾರು 16 ಲಕ್ಷ ಜನರು ಹೆಸರು ಬರೆಯಿಸಿದರು. ಸುಮಾರು 9,000 ಶಸ್ತ್ರಕ್ರಿಯೆಗಳಾದವು.

ಐದು ರೂಪಾಯಿಗೆ ಇದು ಹೇಗೆ ಸಾಧ್ಯವೆಂದು ನನ್ನ ಮಾವನವರು ಆಗ ನಕ್ಕಿದ್ದರು. ಸೋದರಿಯರೇ, ಲೆಕ್ಕವನ್ನು ಒಲೆಯ ಮುಂದೆ ಕುಳಿತೇ ಮಾಡಿ ನೋಡಿರಿ. ಮೇಲಿನ ಅಂಕಿಗಳ ಪ್ರಕಾರ ಸಾವಿರ ಜನರಲ್ಲಿ ಐದಾರು ಜನರಿಗೆ ಮಾತ್ರ ಆ ವರುಷ ಶಸ್ತ್ರಕ್ರಿಯೆ ಬೇಕಾಯಿತು. ಸಾವಿರ ಜನರು ಅರವತ್ತರಂತೆ ಕೊಟ್ಟರೆ ಅರವತ್ತು ಸಾವಿರ. ಐದಾರು ಜನರಿಗೆ ಹಂಚಿದರೆ ತಲೆಗೆ ಹತ್ತು ಸಾವಿರದ ಸುಮಾರು. ಸರಕಾರವೂ ತನ್ನ ಪಾಲು ಸೇರಿಸಿತು. ದವಾಖಾನೆಗಳೂ ಒಂದೊಂದು ಶಸ್ತ್ರಕ್ರಿಯೆಗೆ ಇಂತಿಷ್ಟೇ ಎಂಬ ಕಡಿಮೆ ದರಕ್ಕೆ ಒಪ್ಪಿದವು. ಅವು ಒಪ್ಪಿದ್ದು ಬರಿಯ ಪುಣ್ಯದ ಆಸೆಯಿಂದಲ್ಲ. ಮಂಚಗಳು ಬರಿದಾಗಿ ಬಿದ್ದಿದ್ದರೂ, ಶಸ್ತ್ರಕ್ರಿಯೆಯ ಕೋಣೆ ಮಧ್ಯಾಹ್ನವೇ ಮುಚ್ಚಿದರೂ ವೈದ್ಯರ ಸಂಬಳವೂ ದೀಪದ ಖರ್ಚೂ ನಿಲ್ಲವು. ಕಡಿಮೆ ದರದವರಾದರೂ ಹೆಚ್ಚು ಜನರು ಬಂದರೆ ದವಾಖಾನೆಗೂ ಗಿಟ್ಟುತ್ತದೆ. ಜಾತ್ರೆಯಲ್ಲಿ ಮಿರ್ಚಿ ಮಾರುವವಳಿಗೂ ತಿಳಿದಿರುವ ಲೆಕ್ಕವಿದು.

ಆದರೆ ಒಂದು ಮಾತನ್ನು ಮರೆಯಲಾಗದು. ಬೇನೆ ಬಂದವರಷ್ಟೇ ಬಂದು ಹೆಸರು ಬರೆಯಿಸಿದರೆ ಈ ಗಂಟು ಒಂದೇ ತಿಂಗಳಲ್ಲಿ ಕರಗಿ ಹೋಗುವದು. ಗಟ್ಟಿಮುಟ್ಟಾಗಿರುವವರ ಐದು ರೂಪಾಯಿಯೇ ಇಲ್ಲಿ ದೊಡ್ಡದು. ಅದಕ್ಕಾಗಿಯೇ ಸಂಘದ ಸದಸ್ಯತ್ವವು ಕೆಲವು ತಿಂಗಳುಗಳ ಹಿಂದಿನದಾಗಿರಬೇಕೆಂಬ ನಿಯಮವನ್ನು ಇಟ್ಟಿದ್ದರು. ಬಾವಿ ತೋಡುವದು ಬಾಯಾರಿಕೆಯಾದ ಮೇಲಲ್ಲ. ಮೂರನೆಯ ವರುಷದಲ್ಲಿ ವರ್ಗಣಿಯು 120 ರೂಪಾಯಿಗೆ ಏರಿತು, ಮುಂದೆ ಇನ್ನೂ ಏರಿತು. ಬರಬರುತ್ತ ಶಸ್ತ್ರಕ್ರಿಯೆಯಲ್ಲದೆ ಸಹಜ ಹೆರಿಗೆ, ಹಸುಗೂಸಿನ ಆರೈಕೆ, ಹಾವಿನ ಕಡಿತ, ನಾಯಿಯ ಕಡಿತ, ಎತ್ತು ಹಾಯ್ದ ಗಾಯ, ಒಕ್ಕಲುತನದ ಯಂತ್ರಗಳಿಂದಾದ ಅಪಘಾತ ಇವೆಲ್ಲವನ್ನೂ ಸೇರಿಸಿದರು. ಎತ್ತು ಹಾಯುವದೂ ಒಂದು ರೋಗವೆಂದು ಪಟ್ಟಿ ಬರೆದವನಿಗೆ ಹಳ್ಳಿಯ ಬಾಳು ಗೊತ್ತಿದ್ದಿರಬೇಕು.

ನಕ್ಕಿದ್ದ ಮಾವನವರಿಗೆ 2009ರಲ್ಲಿ ಅಂತ್ರವೃದ್ಧಿಯಾಯಿತು. ಹೊಲದಲ್ಲಿ ಶೇಂಗಾದ ಚೀಲವೆತ್ತುವಾಗ ಜೀವ ಹಿಂಡಿದಂತಾಗಿ ಕುಸಿದರು. ಅತ್ತೆಯು ಅವರಿಗೆ ತಿಳಿಸದೆಯೇ ಪ್ರತಿವರುಷವೂ ಇಬ್ಬರ ಹೆಸರಿನಲ್ಲಿಯೂ ವರ್ಗಣಿ ತುಂಬುತ್ತ ಬಂದಿದ್ದರು! ಎಮ್ಮೆಯ ಬೆಣ್ಣೆ ಮಾರಿದ ದುಡ್ಡು. ಚೀಟಿ ತೋರಿಸಿ ಶಸ್ತ್ರಕ್ರಿಯೆಯಾಗಿ ಮಾವನವರು ನಾಲ್ಕನೆಯ ದಿನ ಮನೆಗೆ ಬಂದರು. ಖರ್ಚಾದದ್ದು ಬಸ್ಸಿಗೆ, ಚಹಕ್ಕೆ, ಹೊರಗಿನಿಂದ ತಂದ ಕೆಲವು ಗುಳಿಗೆಗಳಿಗೆ. ಆ ಮೇಲೆ ಮಾವನವರೇ ಊರ ಕಟ್ಟೆಯ ಮೇಲೆ ಕುಳಿತು ಯೋಜನೆಯ ಗುಣಗಾನ ಮಾಡತೊಡಗಿದರು. ವರ್ಗಣಿ ತುಂಬಿದವಳ ಹೆಸರನ್ನು ಮಾತ್ರ ಎತ್ತಲಿಲ್ಲ. ಗಂಡಸರ ಸ್ವಭಾವವೇ ಹಾಗೆ.

ಮುಂದಿನದು ಅಷ್ಟು ಸುಖದ ಕಥೆಯಲ್ಲ. 2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ ಸರಕಾರವು ಆರೋಗ್ಯ ಕರ್ನಾಟಕವೆಂಬ ಯೋಜನೆಯಲ್ಲಿ ಅದನ್ನು ಕೂಡಿಸಿತು. ಅದೇ ವರುಷ ಕೇಂದ್ರದ ಆಯುಷ್ಮಾನ್ ಭಾರತವೂ ಅದರೊಡನೆ ಸೇರಿತು. ಬಡತನದ ರೇಖೆಯ ಕೆಳಗಿನ ಕಾರ್ಡು ಇದ್ದವರಿಗೆ ಇದರಿಂದ ಹೆಚ್ಚಿನ ಲಾಭವೇ ಆಯಿತೆನ್ನಬೇಕು. ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷದವರೆಗಿನ ಔಷಧೋಪಚಾರವು ವರ್ಗಣಿಯಿಲ್ಲದೆ ದೊರೆಯುವಂತಾಯಿತು. ಆದರೆ ಮೇಲಿನ ಕಾರ್ಡಿನವರಿಗೆ ನಿಗದಿಯಾದ ದರದ ಶೇಕಡಾ 30ರಷ್ಟನ್ನು ಮಾತ್ರ, ಅದೂ ವರುಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರಕಾರವು ಕೊಡುವದು. ಉಳಿದ 70 ಅವರದೇ. ತುರ್ತಿನ ಪ್ರಸಂಗವನ್ನುಳಿದು, ಸರಕಾರಿ ದವಾಖಾನೆಯಿಂದ ಕಳುಹಿಸಿಕೊಟ್ಟಲ್ಲದೆ ಖಾಸಗಿಯಲ್ಲಿ ನಡೆಯದು. ಒಕ್ಕಲುತನದ ಮನೆಗಳಲ್ಲಿ ಮೇಲಿನ ಕಾರ್ಡು ಇದ್ದವರೆಲ್ಲ ಉಳ್ಳವರೇನಲ್ಲ. ಹೊಲದ ಎಕರೆಯ ಲೆಕ್ಕದಲ್ಲಿ ಸಿರಿವಂತರು, ಬೆಳೆಯ ಲೆಕ್ಕದಲ್ಲಿ ತಿರುಕರು. ನಮ್ಮ ಅತ್ತೆಯ ಮನೆಯೂ ಅಂಥದೇ.

2019ರ ಬೇಸಿಗೆಯಲ್ಲಿ ನಾನು ಅವರ ಊರಿಗೆ ಹೋದಾಗ ಅತ್ತೆಯ ಮುಖ ಸಣ್ಣದಾಗಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಎರಡು ಸಲ ಕೈ ನಿಲ್ಲಿಸಿ ಬಲಪಕ್ಕೆಯನ್ನು ಒತ್ತಿಕೊಂಡರು. ಏನಾಯಿತೆಂದು ಕೇಳಿದರೆ, “ಏನಿಲ್ಲವ್ವಾ, ಒಂದೀಟು ವಾಯು. ಅಜವಾನ ಬಾಯಾಗ ಹಾಕ್ಕೊಂಡ್ರ ಹೋಗ್ತದ” ಎಂದರು. ಅಜವಾನ ಹಾಕಿಕೊಳ್ಳುತ್ತ ಒಂದು ವರುಷವೇ ಆಗಿತ್ತೆಂಬದು ಆಮೇಲೆ ತಿಳಿಯಿತು. ಯಶಸ್ವಿನಿಯು ನಿಂತುಹೋದ ಸುದ್ದಿಯನ್ನು ಸಂಘದಲ್ಲಿ ಕೇಳಿ ಬಂದ ದಿನದಿಂದ ಆಕೆ ತನ್ನ ನೋವಿನ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ಮನೆಯಲ್ಲಿ ದುಡ್ಡಿಲ್ಲದಾಗ ಹೆಂಗಸರ ಬೇನೆಗೆಲ್ಲ ವಾಯುವೆಂದೇ ಹೆಸರು.

ನಾನು ಹಿಂತಿರುಗಿದ ಎಂಟನೆಯ ದಿನ ರಾತ್ರಿ ನೋವು ತಡೆಯಲಾರದಷ್ಟಾಯಿತು. ಮಗನು ಬಾಡಿಗೆಯ ಮೋಟಾರಿನಲ್ಲಿ ಕರೆದುಕೊಂಡು ಹೋಗಿ, ಮೊದಲು ಬಾಗಿಲು ತೆರೆದ ಒಂದು ಖಾಸಗಿ ದವಾಖಾನೆಗೆ ಸೇರಿಸಿದನು. ಪಿತ್ತಕೋಶದಲ್ಲಿ ಹರಳು, ಬಾವು ಬಂದು ಕೀವಾಗುವ ಹಂತ. ಶಸ್ತ್ರಕ್ರಿಯೆಯಾಯಿತು, ಜೀವ ಉಳಿಯಿತು. ಆ ದವಾಖಾನೆಯು ಯಾವ ಯೋಜನೆಯ ಪಟ್ಟಿಯಲ್ಲಿಯೂ ಇರಲಿಲ್ಲವೆಂಬದು ಬಿಲ್ಲು ಕೈಗೆ ಬಂದಾಗ ತಿಳಿಯಿತು. ತವರುಮನೆಯವರು ಹಾಕಿದ್ದ ಬೋರಮಾಳವನ್ನು ಒತ್ತೆಯಿಟ್ಟರು. ಎಲ್ಲಿ? ಅದೇ ಸಹಕಾರ ಸಂಘದಲ್ಲಿ. ಹದಿನೈದು ವರುಷ ಬೆಣ್ಣೆಯ ದುಡ್ಡು ತುಂಬಿದ ಕಿಟಕಿಯ ಮುಂದೆಯೇ ನಿಂತು ಬಂಗಾರವನ್ನು ಬಿಚ್ಚಿ ಕೊಟ್ಟರೆಂದು ಕೇಳಿ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ಅಲ್ಲಿ ಯಾರನ್ನು ದೂರಬೇಕು? ಸಂಘದ ಬಡ್ಡಿಯು ಸಾಹುಕಾರನ ಬಡ್ಡಿಗಿಂತ ಕಡಿಮೆಯೆಂಬದೂ ನಿಜವೇ.

ಈ ಪ್ರಸಂಗದಲ್ಲಿ ಕಲಿಯಬೇಕಾದ ಎರಡು ಮಾತುಗಳಿವೆ. ರಾತ್ರಿಯ ವೇಳೆ ಅಪಾಯ ಬಂದಾಗ ಬಾಡಿಗೆಯ ಮೋಟಾರನ್ನು ಹುಡುಕುವ ಮೊದಲು 108ಕ್ಕೆ ಫೋನು ಮಾಡಬೇಕು; 2008ರ ನವೆಂಬರದಿಂದ ಈ ಗಾಡಿಗಳು ನಮ್ಮ ರಾಜ್ಯದಲ್ಲಿ ಓಡಾಡುತ್ತಿವೆ, ಕಾಸು ಕೇಳುವದಿಲ್ಲ. ಎರಡನೆಯದು, ಯಾವ ದವಾಖಾನೆಯು ಯಾವ ಯೋಜನೆಯ ಪಟ್ಟಿಯಲ್ಲಿದೆಯೆಂಬದನ್ನು ಮೈಯಲ್ಲಿ ಸುಖವಿರುವಾಗಲೇ ಕೇಳಿ, ಪಂಚಾಂಗದ ಹಿಂಬದಿಯಲ್ಲಿ ಬರೆದು ತೂಗುಹಾಕಬೇಕು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಆಕೆ ಹೇಳುವಳು. ಗೋಡೆಗೆ ಹೊಡೆದ ಒಂದು ಮೊಳೆಯು ಬೋರಮಾಳಕ್ಕಿಂತ ಅಗ್ಗ.

ಯಶಸ್ವಿನಿಯನ್ನು ಮತ್ತೆ ಆರಂಭಿಸಬೇಕೆಂದು ಸಹಕಾರಿಗಳು ನಾಲ್ಕು ವರುಷ ಕೂಗಿದರು. 2022ರಲ್ಲಿ ಸರಕಾರವು ಒಪ್ಪಿತು. 2023ರ ಜನವರಿಯಿಂದ ಉಪಚಾರವು ದೊರೆಯತೊಡಗಿತು. ಪುನರಾರಂಭದ ಕಾಲದಲ್ಲಿ ಗೊತ್ತುಮಾಡಿದಂತೆ ಹಳ್ಳಿಯ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರುಷಕ್ಕೆ 500 ರೂಪಾಯಿ, ಪಟ್ಟಣದ ಸಂಘಗಳವರಿಗೆ 1,000; ನಾಲ್ವರ ಮೇಲಿನ ಒಬ್ಬೊಬ್ಬರಿಗೆ ಹಳ್ಳಿಯಲ್ಲಿ ನೂರು, ಪಟ್ಟಣದಲ್ಲಿ ಇನ್ನೂರು. ಪರಿಶಿಷ್ಟ ಜಾತಿ ಪಂಗಡಗಳವರ ವರ್ಗಣಿಯನ್ನು ಸರಕಾರವೇ ಭರಿಸುವದು. ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷದವರೆಗೆ ಮಿತಿ. ಹೆಸರು ಬರೆಯಿಸಲು ವರುಷದಲ್ಲಿ ಕೆಲವು ದಿನಗಳ ಗಡುವು ಮಾತ್ರ ಇರುವದು. ಆ ಗಡುವು ಯಾವಾಗ ಬರುವದೆಂದು ಸಂಘದ ಕಾರ್ಯದರ್ಶಿಯನ್ನು ಆಗಾಗ ಕೇಳುತ್ತಿರಬೇಕು. ಗಂಡಸರು ಗೊಬ್ಬರ ತರಲು ಸಂಘಕ್ಕೆ ಹೋದಾಗ ಕೇಳಿ ಬರುವರೆಂದು ನಂಬಿ ಕೂಡಬೇಡಿರಿ. ಅವರು ಗೊಬ್ಬರವನ್ನಷ್ಟೇ ತರುವರು.

ಇದರಿಂದ ಎಲ್ಲವೂ ನೆಟ್ಟಗಾಗುವದೆಂದು ನಾನು ಹೇಳುವದಿಲ್ಲ. ತಿಂಗಳು ತಿಂಗಳು ನುಂಗಬೇಕಾದ ರಕ್ತದೊತ್ತಡದ ಗುಳಿಗೆಗೆ, ಸಿಹಿಮೂತ್ರದ ಮದ್ದಿಗೆ, ದಿನದ ಕೂಲಿ ತಪ್ಪಿದ್ದಕ್ಕೆ ಈ ಗಂಟಿನಿಂದ ಕಾಸು ಬರದು. ಮುಂಡರಗಿ ತಾಲೂಕಿನ ಎಷ್ಟೋ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿ ಇದೆ. ಮಕ್ಕಳ ಹಲ್ಲು ಕಂದಾಗಿ, ದೊಡ್ಡವರ ಮೊಳಕಾಲು ಬೆನ್ನು ಬಿಗಿದು ನಿಲ್ಲುವ ಆ ಬೇನೆಗೆ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮದ್ದಿಲ್ಲ. ಅದನ್ನು ಕುದಿಸಿದರೆ ಹೋಗುವದೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಕುದಿಸಿದರೆ ನೀರು ಆವಿಯಾಗಿ ಹೋಗುವದೇ ಹೊರತು ಫ್ಲೋರೈಡು ಹೋಗದು, ಉಳಿದ ನೀರಿನಲ್ಲಿ ಇನ್ನಷ್ಟು ದಟ್ಟವಾಗುವದು. ಹೊಳೆಯ ನೀರು ಇಲ್ಲವೆ ಶುದ್ಧೀಕರಿಸಿದ ನೀರನ್ನೇ ಕುಡಿಯಲಿಕ್ಕೂ ಅಡಿಗೆಗೂ ತರಬೇಕು. ಕಾಗದ ಬರೆದ ತಾಯಿಯ ಊರಿನ ನೀರು ಹೇಗಿದೆಯೋ, ಮುಂದಿನ ಕಾಗದದಲ್ಲಿ ತಿಳಿಸಲಿ.

ಇನ್ನು ಅತ್ತೆಯ ಮಾತು. ಯೋಜನೆಯು ಮರಳಿ ಬಂದಿತೆಂದು ತಿಳಿದ ವಾರವೇ ಆಕೆ ಸಂಘಕ್ಕೆ ಹೋಗಿ 500 ರೂಪಾಯಿ ತುಂಬಿ ಬಂದರಂತೆ. ಕಳೆದ ವರುಷ ನಾನು ಹೋದಾಗ ಹೊಸ ಚೀಟಿಯನ್ನು ಟ್ರಂಕಿನಿಂದ ತೆಗೆದು ತೋರಿಸಿದರು. ಬೋರಮಾಳವೂ ಬಿಡಿಸಿಕೊಂಡು ಬಂದು ಕೊರಳಲ್ಲಿತ್ತು. ಚೀಟಿಯಲ್ಲಿ ಮಾವ, ಅತ್ತೆ, ಮಗ, ಮೊಮ್ಮಗ, ನಾಲ್ಕು ಹೆಸರುಗಳು. ನಾನು ಎರಡು ಸಲ ಓದಿದೆ.

“ಅತ್ತಿ, ಸೊಸಿ ಹೆಸರು ಎಲ್ಲೈತಿ?”

ಅತ್ತೆಯು ಕನ್ನಡಕವನ್ನು ಸರಿಪಡಿಸಿಕೊಂಡರು. ನಾಲ್ವರಿಗೆ ಐನೂರು; ಐದನೆಯವರಿಗೆ ಮತ್ತೆ ನೂರು ಬೇಕೆಂದದ್ದರಿಂದ ಮಗನೇ ಬೇಡವೆಂದನಂತೆ. “ಆಕಿ ಹರೇದಾಕಿ ಅಲ್ಲೇನವ್ವಾ, ಆಕಿಗೇನ ಆಗ್ತೈತಿ ಅಂದ” ಎಂದರು. ಹೇಳುತ್ತ ಹೇಳುತ್ತ ಅವರ ಮಾತು ಸಣ್ಣದಾಯಿತು. ಅಡಿಗೆಮನೆಯಲ್ಲಿ ಸೊಸೆಯು ರೊಟ್ಟಿ ಬಡಿಯುತ್ತಿದ್ದಳು; ನಾವಿಬ್ಬರೂ ಆ ಸಪ್ಪಳವನ್ನು ಕೇಳುತ್ತ ಕುಳಿತೆವು. ಸಪ್ಪಳವು ನಡುವೆ ಒಮ್ಮೆ ನಿಂತಿತು. ಅತ್ತೆಯು ತಟ್ಟನೆ ತಲೆಯೆತ್ತಿ ಒಳಗೆ ನೋಡಿದರು. ಸೊಸೆಯು ಒಲೆಗೆ ಕಟ್ಟಿಗೆ ನೂಕುತ್ತಿದ್ದಳು, ಅಷ್ಟೇ.

ಗಡುವು ಮುಗಿಯಲು ಇನ್ನು ಮೂರು ದಿನಗಳಿದ್ದವು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆಯು ಮಡಿಚಿದ ಸೀರೆಯುಟ್ಟು ಹೊರಟು ನಿಂತಿದ್ದರು. ಕೈಚೀಲದಲ್ಲಿ ಸೊಸೆಯ ಆಧಾರ ಚೀಟಿ, ಒಂದು ಭಾವಚಿತ್ರ, ನೂರು ರೂಪಾಯಿಯ ಒಂದು ನೋಟು. ನೋಟಿಗೆ ಸಾಸಿವೆಯ ವಾಸನೆ ಹತ್ತಿತ್ತು. ಸೊಸೆಯು ಬಾಗಿಲಲ್ಲಿ ನಿಂತು, “ನಾನೂ ಬರ್ತೀನ್ರಿ ಅತ್ತಿ, ಸಹಿ ಮಾಡೂದಿರ್ತೈತಲ್ಲ” ಎಂದಳು. ಇಬ್ಬರೂ ಕೂಡಿಯೇ ಸಂಘದ ಕಡೆಗೆ ನಡೆದರು.